ಬ್ರಿಟನ್ನಿನಲ್ಲಿ ಫಾರ್ಮಸಿಸ್ಟ್ ಸ್ವತಂತ್ರ ಪ್ರಿಸ್ಕ್ರೈಬರ್ ಆಗುವುದು ಹೇಗೆ? ತಯಾರಿಯಿಂದ ಮೊದಲ ಚೀಟಿಯವರೆಗೆ

ಬ್ರಿಟನ್ನಿನಲ್ಲಿ ಕೆಲಸ ಮಾಡುತ್ತಿರುವ, ಇಲ್ಲವೇ ಅಲ್ಲಿಗೆ ಹೋಗುವ ತಯಾರಿಯಲ್ಲಿರುವ ಕನ್ನಡಿಗ ಫಾರ್ಮಸಿಸ್ಟರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಐಪಿ ಕೋರ್ಸ್ ಮಾಡಬೇಕು, ಎಲ್ಲಿಂದ ಶುರು ಮಾಡುವುದು?" ಐಪಿ ಎಂದರೆ ಇಂಡಿಪೆಂಡೆಂಟ್ ಪ್ರಿಸ್ಕ್ರೈಬಿಂಗ್. ರೋಗಿಯನ್ನು ಸ್ವತಃ ಪರಿಶೀಲಿಸಿ, ವೈದ್ಯರ ಸಹಿಗೆ ಕಾಯದೆ, ತನ್ನ ಹೊಣೆಯ ಮೇಲೆ ಔಷಧಿ ಚೀಟಿ ಬರೆಯುವ ಅಧಿಕಾರ ಅದು. ನಮ್ಮಲ್ಲಿ ಬಿ.ಫಾರ್ಮ್ ಓದಿದವರಿಗೆ ಇದು ಹೊಸದಾಗಿ ಕಾಣುವುದು ಸಹಜ, ಏಕೆಂದರೆ ಭಾರತದಲ್ಲಿ ಚೀಟಿ ಬರೆಯುವವರು ವೈದ್ಯರು, ಅದನ್ನು ಪರಿಶೀಲಿಸಿ ಔಷಧಿ ಕೊಡುವವರು ಫಾರ್ಮಸಿಸ್ಟರು. ಬ್ರಿಟನ್ನಿನಲ್ಲಿ ಫಾರ್ಮಸಿಸ್ಟರಿಗೆ 2003ರಲ್ಲಿ ಪೂರಕ ಪ್ರಿಸ್ಕ್ರೈಬಿಂಗ್ ಅಧಿಕಾರವೂ 2006ರಲ್ಲಿ ಸ್ವತಂತ್ರ ಅಧಿಕಾರವೂ ದೊರೆತವು.

ಮಾಹಿತಿಯ ಕೊರತೆಯಿಂದ ಈ ಕೋರ್ಸ್‌ನಲ್ಲಿ ಎಡವುವವರು ಕಡಿಮೆ. ಹೆಚ್ಚಿನವರು ಎಡವುವುದು ಅರ್ಜಿ ಹಾಕುವುದಕ್ಕೂ ಮೊದಲು ಮಾಡಬೇಕಾದ ಎರಡು ಕೆಲಸಗಳನ್ನು ಅವಸರದಲ್ಲಿ ಮುಗಿಸಿಬಿಟ್ಟದ್ದರಿಂದ. ಒಂದು, ಯಾವ ಕಾಯಿಲೆಯ ಕ್ಷೇತ್ರದಲ್ಲಿ ಕಲಿಯಬೇಕೆಂದು ನಿರ್ಧರಿಸುವುದು. ಇನ್ನೊಂದು, ಯಾರ ಕೈಕೆಳಗೆ ಕಲಿಯಬೇಕೆಂದು ನಿರ್ಧರಿಸುವುದು. ಆದ್ದರಿಂದ ಈ ಲೇಖನದಲ್ಲಿ ಆ ಎರಡು ಹಂತಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಪದಗಳ ಗೊಂದಲ ಬಿಡಿಸಿಕೊಳ್ಳಿ

ಇಂಗ್ಲೆಂಡಿನಲ್ಲಿ 2024ರ ಜನವರಿ 31ರಂದು ಆರಂಭವಾದ ಫಾರ್ಮಸಿ ಫಸ್ಟ್ ಸೇವೆಯಲ್ಲಿ ಗಂಟಲುನೋವು, ಸರ್ಪಸುತ್ತು, ಮಹಿಳೆಯರ ಸರಳ ಮೂತ್ರನಾಳದ ಸೋಂಕು ಮುಂತಾದ ಏಳು ತೊಂದರೆಗಳಿಗೆ ಫಾರ್ಮಸಿಸ್ಟರೇ ಔಷಧಿ ಕೊಡುತ್ತಾರೆ. "ಹಾಗಾದರೆ ನಾನು ಈಗಾಗಲೇ ಪ್ರಿಸ್ಕ್ರೈಬ್ ಮಾಡುತ್ತಿದ್ದೇನಲ್ಲ?" ಎಂದು ಕೆಲವರು ಕೇಳುತ್ತಾರೆ. ಇಲ್ಲ. ಅಲ್ಲಿ ಅನ್ವಯವಾಗುವುದು ಪಿಜಿಡಿ, ಅಂದರೆ ಪೇಷಂಟ್ ಗ್ರೂಪ್ ಡೈರೆಕ್ಷನ್: ಇಂಥ ಲಕ್ಷಣಗಳಿರುವ ಇಂಥ ವಯಸ್ಸಿನವರಿಗೆ ಇಂಥ ಔಷಧಿಯನ್ನು ಇಷ್ಟು ದಿನ ಕೊಡಬಹುದು ಎಂದು ಮೊದಲೇ ಬರೆದಿಟ್ಟ ಲಿಖಿತ ಅನುಮತಿ. ಆ ಚೌಕಟ್ಟಿನಿಂದ ರೋಗಿ ಒಂದಿಷ್ಟು ಆಚೆಗಿದ್ದರೂ ನೀವು ಔಷಧಿ ಕೊಡುವಂತಿಲ್ಲ.

ಪೂರಕ ಪ್ರಿಸ್ಕ್ರೈಬಿಂಗ್‌ನಲ್ಲಿ ವೈದ್ಯರು ರೋಗನಿರ್ಣಯ ಮಾಡಿ, ರೋಗಿಯ ಒಪ್ಪಿಗೆಯೊಂದಿಗೆ ಚಿಕಿತ್ಸಾ ಯೋಜನೆಯೊಂದನ್ನು ಸಿದ್ಧಪಡಿಸಿರುತ್ತಾರೆ. ಆ ಯೋಜನೆಯೊಳಗೆ ನೀವು ಔಷಧಿ ಬದಲಿಸಬಹುದು, ಪ್ರಮಾಣ ಹೊಂದಿಸಬಹುದು. ಸ್ವತಂತ್ರ ಪ್ರಿಸ್ಕ್ರೈಬಿಂಗ್‌ನಲ್ಲಿ ಅಂಥ ಯೋಜನೆಯಾಗಲಿ ಪಟ್ಟಿಯಾಗಲಿ ಇರುವುದಿಲ್ಲ. ನಿಮ್ಮ ಸಾಮರ್ಥ್ಯದೊಳಗಿನ ಯಾವ ಕಾಯಿಲೆಗಾದರೂ ಔಷಧಿ ಬರೆಯಬಹುದು. 2012ರಿಂದ ನಿಯಂತ್ರಿತ ಔಷಧಿಗಳನ್ನೂ ಬರೆಯಬಹುದು. ಚಟ ಬಿಡಿಸುವ ಚಿಕಿತ್ಸೆಗಾಗಿ ಕೊಕೇನ್, ಡೈಮಾರ್ಫಿನ್ ಮತ್ತು ಡಿಪಿಪನೋನ್ ಬರೆಯುವುದಕ್ಕೆ ಮಾತ್ರ ಅವಕಾಶವಿಲ್ಲ. ಕಾನೂನು ಇಷ್ಟು ಅಗಲವಾಗಿರುವುದರಿಂದಲೇ ಎಲ್ಲೆಯನ್ನು ನೀವೇ ಎಳೆದುಕೊಳ್ಳಬೇಕಾಗುತ್ತದೆ, ಮತ್ತು ಕೋರ್ಸ್‌ನಲ್ಲಿ ಮುಖ್ಯವಾಗಿ ಕಲಿಸುವುದೂ ಅದನ್ನೇ.

ಹಂತ 1: ನಿಮಗೆ ಪ್ರತ್ಯೇಕ ಕೋರ್ಸ್ ಬೇಕೇ ಎಂದು ಖಚಿತಪಡಿಸಿಕೊಳ್ಳಿ

ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್‌ಲೆಂಡ್‌ಗಳ ಫಾರ್ಮಸಿ ವೃತ್ತಿಯನ್ನು ನಿಯಂತ್ರಿಸುವ ಸಂಸ್ಥೆ ಜನರಲ್ ಫಾರ್ಮಸ್ಯೂಟಿಕಲ್ ಕೌನ್ಸಿಲ್, ಸಂಕ್ಷಿಪ್ತವಾಗಿ ಜಿಪಿಎಚ್‌ಸಿ. ಉತ್ತರ ಐರ್ಲೆಂಡಿಗೆ ಬೇರೆಯೇ ಸಂಸ್ಥೆಯಿದೆ. ಜಿಪಿಎಚ್‌ಸಿ 2021ರಲ್ಲಿ ಪ್ರಕಟಿಸಿದ ಹೊಸ ಶಿಕ್ಷಣ ಮಾನದಂಡಗಳ ಪ್ರಕಾರ ಪ್ರಿಸ್ಕ್ರೈಬಿಂಗ್ ತರಬೇತಿಯು ಮೂಲ ಪದವಿ ಮತ್ತು ಅದರ ನಂತರ ಕೆಲಸದ ಜಾಗದಲ್ಲಿ ತರಬೇತಿ ಪಡೆಯುವ ಫೌಂಡೇಶನ್ ವರ್ಷದೊಳಗೇ ಸೇರಿಕೊಂಡಿದೆ. 2025–26ರ ಸಾಲಿನಲ್ಲಿ ಫೌಂಡೇಶನ್ ತರಬೇತಿ ಮಾಡಿ 2026ರ ಬೇಸಿಗೆಯಿಂದ ಹೊಸದಾಗಿ ನೋಂದಣಿಯಾಗುವವರು ಮೊದಲ ದಿನದಿಂದಲೇ ಪ್ರಿಸ್ಕ್ರೈಬರ್‌ಗಳಾಗಿರುವಂತೆ ಈ ಬದಲಾವಣೆಯನ್ನು ರೂಪಿಸಲಾಗಿದೆ. ಅದಕ್ಕಿಂತ ಮೊದಲೇ ನೋಂದಣಿಯಾದವರು ಪ್ರತ್ಯೇಕ ಕೋರ್ಸ್ ಮಾಡಬೇಕು. ಈ ಲೇಖನ ಮುಖ್ಯವಾಗಿ ಅವರಿಗಾಗಿ.

ಕರ್ನಾಟಕದಲ್ಲಿ ನಾಲ್ಕು ವರ್ಷದ ಬಿ.ಫಾರ್ಮ್ ಮುಗಿಸಿ ನೇರವಾಗಿ ಈ ಕೋರ್ಸ್‌ಗೆ ಸೇರಬಹುದೇ ಎಂದು ಕೇಳುವವರೂ ಇದ್ದಾರೆ. ಸಾಧ್ಯವಿಲ್ಲ. ಅವರು ಮೊದಲು ಓಎಸ್‌ಪ್ಯಾಪ್ ಎಂಬ ಒಂದು ವರ್ಷದ ವಿಶ್ವವಿದ್ಯಾಲಯ ಕೋರ್ಸ್, ಅದರ ನಂತರ 52 ವಾರಗಳ ಫೌಂಡೇಶನ್ ತರಬೇತಿ, ಆಮೇಲೆ ನೋಂದಣಿ ಪರೀಕ್ಷೆ, ಈ ಮೂರನ್ನೂ ದಾಟಿ ಜಿಪಿಎಚ್‌ಸಿ ನೋಂದಣಿ ಪಡೆಯಬೇಕು. ನೀವು ಸೇರುವ ಸಾಲಿನ ಓಎಸ್‌ಪ್ಯಾಪ್‌ನಲ್ಲಿ ಪ್ರಿಸ್ಕ್ರೈಬಿಂಗ್ ತರಬೇತಿ ಒಳಗೊಂಡಿದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲು ವಿಶ್ವವಿದ್ಯಾಲಯದಿಂದ ಬರಹದಲ್ಲಿ ಪಡೆದುಕೊಳ್ಳಿ. ಏಜೆಂಟರ ಬಾಯಿಮಾತನ್ನು ಈ ವಿಷಯದಲ್ಲಿ ನಂಬಬೇಡಿ.

ಹಿಂದೆ ನೋಂದಣಿಯಾಗಿ ಎರಡು ವರ್ಷ ಕಳೆದಿರಬೇಕೆಂಬ ನಿಯಮವಿತ್ತು. 2022ರಲ್ಲಿ ಅದನ್ನು ತೆಗೆದುಹಾಕಲಾಯಿತು. ಈಗ ಬ್ರಿಟನ್ನಿನ ಫಾರ್ಮಸಿ ಪರಿಸರದಲ್ಲಿ ಸೂಕ್ತ ಅನುಭವವಿದೆಯೆಂದೂ, ಪ್ರಿಸ್ಕ್ರೈಬರ್‌ಗೆ ಬೇಕಾದ ಗುಣ ಮತ್ತು ಕೌಶಲಗಳೇನು ಎಂಬುದನ್ನು ಅರಿತಿದ್ದೀರೆಂದೂ ಅರ್ಜಿಯಲ್ಲಿ ತೋರಿಸಬೇಕು. ವರ್ಷಗಳ ಲೆಕ್ಕ ಹೋಗಿ ಗುಣದ ಲೆಕ್ಕ ಬಂದಿರುವುದನ್ನು ನಿಯಮ ಸಡಿಲವಾಗಿದೆ ಎಂದು ಓದಿಕೊಳ್ಳಬೇಡಿ. ಎರಡು ವರ್ಷ ದುಡಿದಿದ್ದೇನೆ ಎಂದು ಬರೆಯುವುದಕ್ಕಿಂತ ಆ ಎರಡು ವರ್ಷಗಳಲ್ಲಿ ಏನು ಮಾಡಿದೆ ಎಂದು ಬರೆಯುವುದು ಕಷ್ಟ.

ಹಂತ 2: ಕ್ಷೇತ್ರವನ್ನು ಸಣ್ಣದಾಗಿ ಆರಿಸಿಕೊಳ್ಳಿ

ಕೋರ್ಸ್ ಅವಧಿಯಲ್ಲಿ ಯಾವ ಚಿಕಿತ್ಸಾ ಕ್ಷೇತ್ರದಲ್ಲಿ ನಿಮ್ಮ ಕೌಶಲವನ್ನು ಬೆಳೆಸಿಕೊಳ್ಳುತ್ತೀರಿ ಎಂದು ಅರ್ಜಿಯಲ್ಲೇ ಹೇಳಬೇಕು. ಇದಕ್ಕೆ ಸ್ಕೋಪ್ ಆಫ್ ಪ್ರಾಕ್ಟೀಸ್ ಎನ್ನುತ್ತಾರೆ. ಕನ್ನಡದಲ್ಲಿ ಕಾರ್ಯವ್ಯಾಪ್ತಿ ಎನ್ನೋಣ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ದೊಡ್ಡದನ್ನು ಬರೆದರೆ ಆಯ್ಕೆಯಾಗುತ್ತೇವೆ ಎಂಬ ಭಾವನೆ. "ಹೃದಯ ಮತ್ತು ರಕ್ತನಾಳದ ಕಾಯಿಲೆಗಳು" ಎಂದು ಬರೆದವರು ಅದರೊಳಗೆ ಹೃದಯ ವೈಫಲ್ಯ, ಹೃದಯದ ಲಯ ತಪ್ಪುವಿಕೆ, ಎದೆನೋವು ಎಲ್ಲವೂ ಬಂದವೆಂಬುದನ್ನು ಮೌಲ್ಯಮಾಪನದ ದಿನ ನೆನಪಿಸಿಕೊಂಡು ಬೆವರುತ್ತಾರೆ. ಅದರ ಬದಲು "ವಯಸ್ಕರಲ್ಲಿ ಬೇರೆ ಕಾರಣದಿಂದ ಬಾರದ, ಗರ್ಭಿಣಿಯರಲ್ಲದವರ ಅಧಿಕ ರಕ್ತದೊತ್ತಡದ ಪತ್ತೆ, ಚಿಕಿತ್ಸೆ ಮತ್ತು ಅನುಸರಣೆ" ಎಂದು ಬರೆಯಿರಿ. ಸಣ್ಣ ಹೊಲವಾದರೆ ಬೇಲಿ ಎಲ್ಲಿದೆ ಎಂದು ಗೊತ್ತಿರುತ್ತದೆ. ಪ್ರಮಾಣಪತ್ರ ಬಂದ ಮೇಲೆ ಹೊಲವನ್ನು ವಿಸ್ತರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಆಯ್ಕೆಗೆ ನಾನು ಸೂಚಿಸುವ ಮೂರು ಪ್ರಶ್ನೆಗಳಿವೆ. ಆ ಕಾಯಿಲೆಯ ರೋಗಿಗಳು ನಿಮ್ಮ ಕೆಲಸದ ಜಾಗಕ್ಕೆ ವಾರವಾರವೂ ಬರುತ್ತಾರೆಯೇ? ಅದಕ್ಕೆ ಸ್ಪಷ್ಟವಾದ ಮಾರ್ಗಸೂಚಿ, ಉದಾಹರಣೆಗೆ ಇಂಗ್ಲೆಂಡಿನ ಚಿಕಿತ್ಸಾ ಮಾರ್ಗಸೂಚಿಗಳನ್ನು ಹೊರಡಿಸುವ ನೈಸ್ ಸಂಸ್ಥೆಯ ದಾಖಲೆ, ಇದೆಯೇ? ಕೋರ್ಸ್ ಮುಗಿದ ಮೇಲೆ ಆ ಕ್ಷೇತ್ರದಲ್ಲಿ ಚೀಟಿ ಬರೆಯುವ ಕೆಲಸ ನಿಮಗೆ ಸಿಗುತ್ತದೆಯೇ? ಮೂರನೆಯದನ್ನು ಮರೆಯುವವರೇ ಹೆಚ್ಚು. ಸ್ಕಾಟ್‌ಲೆಂಡಿನಲ್ಲಿ 2020ರಲ್ಲಿ ಆರಂಭವಾದ ಫಾರ್ಮಸಿ ಫಸ್ಟ್ ಪ್ಲಸ್‌ನಂಥ ಸೇವೆಯಲ್ಲಿ ಅಂಗಡಿಯಲ್ಲಿರುವ ಪ್ರಿಸ್ಕ್ರೈಬರ್‌ಗೆ ಕೆಲಸವಿದೆ, ವೇಲ್ಸ್‌ನಲ್ಲೂ ಅಂಥ ಸೇವೆಯಿದೆ. ಇಂಗ್ಲೆಂಡಿನ ಸಾಮಾನ್ಯ ಫಾರ್ಮಸಿ ಅಂಗಡಿಗಳಲ್ಲಿ ಈ ಅವಕಾಶ ಹಿಂದಿದೆ, ಅಲ್ಲಿನ ಜಿಪಿ ಸರ್ಜರಿಗಳಲ್ಲಿ ಮತ್ತು ಆಸ್ಪತ್ರೆಗಳಲ್ಲಿ ಹೆಚ್ಚಿದೆ. ಜಿಪಿ ಎಂದರೆ ಆಯಾ ಪ್ರದೇಶದ ಕುಟುಂಬ ವೈದ್ಯರು; ಸರ್ಜರಿ ಎಂದರೆ ಇಲ್ಲಿ ಅವರ ಕ್ಲಿನಿಕ್, ಶಸ್ತ್ರಚಿಕಿತ್ಸೆಯಲ್ಲ.

ಹಂತ 3: ಡಿಪಿಪಿಯನ್ನು ಹುಡುಕಿಕೊಳ್ಳಿ

ಡೆಸಿಗ್ನೇಟೆಡ್ ಪ್ರಿಸ್ಕ್ರೈಬಿಂಗ್ ಪ್ರಾಕ್ಟೀಷನರ್, ಅಂದರೆ ಡಿಪಿಪಿ, ನಿಮ್ಮ ಪ್ರಾಯೋಗಿಕ ಕಲಿಕೆಯ ಮೇಲ್ವಿಚಾರಣೆ ಮಾಡಿ, ಕೊನೆಗೆ ನೀವು ಚೀಟಿ ಬರೆಯಲು ಯೋಗ್ಯರು ಎಂದು ದೃಢೀಕರಿಸುವ ಅನುಭವಿ ಪ್ರಿಸ್ಕ್ರೈಬರ್. ಹಿಂದೆ ಇವರು ವೈದ್ಯರೇ ಆಗಿರಬೇಕಿತ್ತು; 2019ರ ಮಾನದಂಡಗಳು ಬಂದ ಮೇಲೆ ಅನುಭವಿ ಫಾರ್ಮಸಿಸ್ಟ್ ಪ್ರಿಸ್ಕ್ರೈಬರ್ ಅಥವಾ ನರ್ಸ್ ಪ್ರಿಸ್ಕ್ರೈಬರ್ ಕೂಡ ಆಗಬಹುದು. ಅವರು ನಿಮ್ಮ ಕ್ಷೇತ್ರದಲ್ಲಿ ಸಕ್ರಿಯವಾಗಿ ಚೀಟಿ ಬರೆಯುತ್ತಿರಬೇಕು, ರೋಗಿಗಳನ್ನು ನೇರವಾಗಿ ನೋಡುತ್ತಿರಬೇಕು, ಇತರರಿಗೆ ಕಲಿಸಿದ ಅಥವಾ ಅವರ ಕೆಲಸವನ್ನು ಅಳೆದ ಅನುಭವ ಅವರಿಗಿರಬೇಕು.

ಬಹಳ ಜನ ಸಿಕ್ಕಿಹಾಕಿಕೊಳ್ಳುವುದು ಈ ಹಂತದಲ್ಲೇ. ಡಿಪಿಪಿ ಇಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ. ಇವರನ್ನು ಕೇಳುವಾಗ "ನನಗೆ ಡಿಪಿಪಿ ಆಗುತ್ತೀರಾ?" ಎಂಬ ಒಂದು ಸಾಲಿನ ಇಮೇಲ್ ಕಳಿಸಿದರೆ ಉತ್ತರವೇ ಬಾರದಿರಬಹುದು. ನಿಮ್ಮ ಕ್ಷೇತ್ರ ಯಾವುದು, ವಾರಕ್ಕೆ ಯಾವ ದಿನ ಎಷ್ಟು ಹೊತ್ತು ಬರುತ್ತೀರಿ, ನಿಮ್ಮಿಂದ ಅವರ ಕ್ಲಿನಿಕ್ಕಿಗೆ ಏನು ಉಪಯೋಗ ಎಂಬುದನ್ನು ಒಂದು ಪುಟದಲ್ಲಿ ಬರೆದು ಕೊಡಿ. ಔಷಧಿಗಳ ಪರಿಶೀಲನೆ, ರಕ್ತಪರೀಕ್ಷೆ ಬಾಕಿ ಇರುವವರ ಪಟ್ಟಿ ಮಾಡಿಕೊಡುವುದು, ಇಂಥ ಕೆಲಸಗಳನ್ನು ಪ್ರತಿಯಾಗಿ ಮಾಡಿಕೊಡಬಹುದು. ಬಿಡುವಿಲ್ಲದ ಜಿಪಿಗೆ ನಿಮ್ಮ ಕಲಿಕೆ ಹೊರೆಯಾಗುವುದಿಲ್ಲ ಎಂಬ ನಂಬಿಕೆ ಬಂದರೆ ಅರ್ಧ ಕೆಲಸ ಆದಂತೆ.

ಮೂರು ಎಚ್ಚರಿಕೆಗಳು. ಮೊದಲನೆಯದು, ಪರಿಚಯದವರು, ಊರಿನವರು ಎಂಬ ಸಲಿಗೆಯಲ್ಲಿ ಡಿಪಿಪಿಯನ್ನು ಆರಿಸಬೇಡಿ. ಸ್ನೇಹವಿದ್ದಲ್ಲಿ ತಪ್ಪನ್ನು ತಪ್ಪೆಂದು ಹೇಳಲು ಹಿಂಜರಿಕೆ ಇರುತ್ತದೆ, ಆ ಹಿಂಜರಿಕೆಗೆ ಮುಂದೆ ಬೆಲೆ ತೆರುವವರು ರೋಗಿಗಳು. ಎರಡನೆಯದು, ಹಣ ಕೊಟ್ಟರೆ ಡಿಪಿಪಿ ಒದಗಿಸುತ್ತೇವೆ ಎನ್ನುವವರು ಸಿಗುತ್ತಾರೆ. ಮೇಲ್ವಿಚಾರಣೆಗೆ ಶುಲ್ಕ ಪಡೆಯುವುದರಲ್ಲಿ ತಪ್ಪಿಲ್ಲ. ಆದರೆ ರೋಗಿಗಳಿರುವ ಜಾಗ, ನೇರ ವೀಕ್ಷಣೆಯ ಗಂಟೆಗಳು ಮತ್ತು ಮಧ್ಯಾವಧಿ ವಿಮರ್ಶೆಯ ದಿನಾಂಕ ಲಿಖಿತವಾಗಿ ಇಲ್ಲದಿದ್ದರೆ ಆ ಒಪ್ಪಂದಕ್ಕೆ ಹೋಗಬೇಡಿ. ಮೂರನೆಯದು, ಕೆಲವು ಗಂಟೆಗಳನ್ನು ಬೇರೆ ಪ್ರಿಸ್ಕ್ರೈಬರ್‌ಗಳ ಜೊತೆ ಕಳೆಯಲು ಅವಕಾಶವಿದೆ, ಹಾಗೆ ಮಾಡುವುದು ಒಳ್ಳೆಯದು ಕೂಡ, ಆದರೆ ಡಿಪಿಪಿಯಾಗಿ ಹೊಣೆ ಹೊರುವವರು ಒಬ್ಬರೇ. ಅವರು ದೀರ್ಘ ರಜೆಗೆ ಹೋದರೆ ಏನು ಮಾಡುವುದೆಂದು ಮೊದಲ ದಿನವೇ ಮಾತಾಡಿಕೊಳ್ಳಿ.

ಹಂತ 4: ಅರ್ಜಿ

ಜಿಪಿಎಚ್‌ಸಿ ಮಾನ್ಯತೆ ಪಡೆದ ಕೋರ್ಸ್‌ಗಳ ಪಟ್ಟಿ ಅದರ ತಾಣದಲ್ಲೇ ಸಿಗುತ್ತದೆ. ಆ ಪಟ್ಟಿಯಲ್ಲಿ ಇಲ್ಲದ ಕೋರ್ಸ್ ಎಷ್ಟು ಅಗ್ಗವಾಗಿದ್ದರೂ ವ್ಯರ್ಥ. ಕೋರ್ಸ್‌ಗಳು ಸ್ನಾತಕೋತ್ತರ ಮಟ್ಟದವು, ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿನವು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಹಣಕಾಸಿನ ನೆರವಿನ ಸೀಟುಗಳಿವೆಯೇ ಎಂದು ಅರ್ಜಿಗೆ ಮೊದಲೇ ವಿಚಾರಿಸಿ, ಏಕೆಂದರೆ ಸ್ವಂತ ಹಣ ಕಟ್ಟಿದ ಮೇಲೆ ನೆರವು ಕೇಳಿದರೆ ಸಿಗುವುದು ಕಷ್ಟ. ಉದ್ಯೋಗದಾತರಿಂದ ಕಲಿಕೆಗೆ ವೇಳೆ ಬಿಟ್ಟುಕೊಡುವ ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯಿರಿ.

ಹಂತ 5: ತೊಂಬತ್ತು ಗಂಟೆಗಳು

ತರಗತಿಯ ಪಾಠಗಳ ಜೊತೆಗೆ ಕನಿಷ್ಠ 90 ಗಂಟೆಗಳ ಮೇಲ್ವಿಚಾರಣೆಯ ಪ್ರಾಯೋಗಿಕ ಕಲಿಕೆ ಕಡ್ಡಾಯ. ಮೂಲೆಯ ಕುರ್ಚಿಯಲ್ಲಿ ಕೂತು ವೈದ್ಯರು ಮಾಡುವುದನ್ನು ನೋಡುತ್ತ 90 ಗಂಟೆ ತುಂಬಿಸಿಬಿಡುವುದು ಇಲ್ಲಿನ ದೊಡ್ಡ ಅಪಾಯ. ಮೊದಲ ಹತ್ತು ಹದಿನೈದು ಗಂಟೆ ನೋಡಿ, ಅನಂತರ ನೀವು ಮಾತಾಡಿ ಡಿಪಿಪಿ ನೋಡಲಿ, ಕೊನೆಯ ಭಾಗದಲ್ಲಿ ನೀವು ಒಬ್ಬರೇ ರೋಗಿಯನ್ನು ಕಂಡು ತೀರ್ಮಾನವನ್ನು ಅವರ ಮುಂದಿಡಿ. ಈ ಅವಧಿಯಲ್ಲಿ ಚೀಟಿಗೆ ಸಹಿ ಹಾಕುವ ಅಧಿಕಾರ ನಿಮಗಿಲ್ಲ ಎಂಬುದು ನೆನಪಿರಲಿ.

ಕೌಂಟರಿನ ಹಿಂದೆ ವರ್ಷಗಟ್ಟಲೆ ನಿಂತವರಿಗೆ ಇನ್ನೊಬ್ಬರು ಬರೆದ ಚೀಟಿಯಲ್ಲಿ ತಪ್ಪು ಹುಡುಕುವುದು ಕರತಲಾಮಲಕವಾಗಿರುತ್ತದೆ. ಖಾಲಿ ಚೀಟಿಯ ಮುಂದೆ ಕೂತಾಗ ಆ ಜಾಣತನ ಅರ್ಧದಷ್ಟೇ ನೆರವಾಗುತ್ತದೆ. ಒಂದು ಉದಾಹರಣೆ ನೋಡಿ. 48 ವರ್ಷದ ದಕ್ಷಿಣ ಏಷ್ಯಾ ಮೂಲದ ವ್ಯಕ್ತಿ, ಸರ್ಜರಿಯಲ್ಲಿ ಅಳೆದ ರಕ್ತದೊತ್ತಡ 152/94. ಹಳೆಯ ಅಭ್ಯಾಸದಂತೆ ಮನಸ್ಸು ನೇರವಾಗಿ ಔಷಧಿಗೆ ಹಾರುತ್ತದೆ. ಪ್ರಿಸ್ಕ್ರೈಬರ್ ಮೊದಲು ಕೇಳಬೇಕಾದದ್ದು ಬೇರೆ: ಈ ಅಂಕಿ ನಿಜವೇ? ಡಾಕ್ಟರನ್ನು ಕಂಡ ಭಯದಿಂದ ಏರಿದ್ದೇ? ನೈಸ್ ಮಾರ್ಗಸೂಚಿಯ ಪ್ರಕಾರ ಸರ್ಜರಿಯಲ್ಲಿ 140/90 ಅಥವಾ ಹೆಚ್ಚಿದ್ದರೆ ದಿನವಿಡೀ ಅಳೆಯುವ ಉಪಕರಣದಿಂದ ಇಲ್ಲವೇ ಮನೆಯಲ್ಲಿ ಅಳೆದು ಖಚಿತಪಡಿಸಿಕೊಳ್ಳಬೇಕು. ಆ ಸರಾಸರಿ 135/85 ಅಥವಾ ಹೆಚ್ಚಿದ್ದರೆ ಮಾತ್ರ ಅಧಿಕ ರಕ್ತದೊತ್ತಡ ಎಂಬ ನಿರ್ಣಯ. ಜೊತೆಗೆ ಮೂತ್ರ, ರಕ್ತ, ಕಣ್ಣಿನ ಹಿಂಪರದೆ ಮತ್ತು ಇಸಿಜಿ ಪರೀಕ್ಷೆಗಳಿಂದ ಅಂಗಾಂಗಗಳಿಗೆ ಹಾನಿಯಾಗಿದೆಯೇ ಎಂದು ನೋಡಬೇಕು.

ನಿರ್ಣಯ ಖಚಿತವಾದ ಮೇಲೆ, 55ಕ್ಕಿಂತ ಕಡಿಮೆ ವಯಸ್ಸಿನ, ಆಫ್ರಿಕನ್ ಅಥವಾ ಕೆರಿಬಿಯನ್ ಮೂಲದ ಕಪ್ಪು ಜನಾಂಗಕ್ಕೆ ಸೇರದ ಈ ರೋಗಿಗೆ ಔಷಧಿ ಬೇಕೆಂದಾದರೆ ಮಾರ್ಗಸೂಚಿಯ ಮೊದಲ ಆಯ್ಕೆ ರ‍್ಯಾಮಿಪ್ರಿಲ್‌ನಂಥ ಎಸಿಇ ಇನ್‌ಹಿಬಿಟರ್ ಅಥವಾ ಲೊಸಾರ್ಟಾನ್‌ನಂಥ ಎಆರ್‌ಬಿ. ಬರೆಯುವ ಮೊದಲು ರಕ್ತದಲ್ಲಿ ಪೊಟ್ಯಾಷಿಯಂ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಎಷ್ಟಿದೆ? ಮಂಡಿನೋವಿಗೆ ಅಂಗಡಿಯಿಂದ ಐಬುಪ್ರೊಫೆನ್ ಕೊಂಡು ನುಂಗುತ್ತಿದ್ದಾರೆಯೇ? ಅದು ಸರ್ಜರಿಯ ಕಂಪ್ಯೂಟರಿನಲ್ಲಿ ಇರುವುದಿಲ್ಲ, ಕೇಳಿಯೇ ತಿಳಿಯಬೇಕು. ಇದೇ ರೋಗಿ ಗರ್ಭಧಾರಣೆಯ ಯೋಚನೆಯಲ್ಲಿರುವ ಮಹಿಳೆಯಾಗಿದ್ದರೆ ಈ ಎರಡೂ ಗುಂಪಿನ ಔಷಧಿಗಳು ಬೇಡ. ಔಷಧಿ ಶುರುವಾದ ಒಂದೆರಡು ವಾರದಲ್ಲಿ ಮತ್ತೆ ರಕ್ತಪರೀಕ್ಷೆ ಬೇಕು. ಅದರ ಫಲಿತಾಂಶ ನೋಡುವವರು ಯಾರು? ಕ್ರಿಯಾಟಿನಿನ್ ಮೂಲಮಟ್ಟಕ್ಕಿಂತ ಶೇ. 30ರೊಳಗೆ ಏರಿದರೆ ಪ್ರಮಾಣ ಬದಲಿಸದೆ ಗಮನಿಸಬಹುದು. ಪೊಟ್ಯಾಷಿಯಂ 6 ಮುಟ್ಟಿದರೆ ನಿಲ್ಲಿಸಬೇಕು. ಮೂರು ವಾರದ ಮೇಲೆ ಒಣಕೆಮ್ಮು ಬಂದರೆ ಯಾರಿಗೆ ಹೇಳಬೇಕೆಂದು ರೋಗಿಗೆ ತಿಳಿಸಿದ್ದೀರಾ?

ನಿಮ್ಮ ಕಲಿಕಾ ದಾಖಲೆಯಲ್ಲಿ, ಅಂದರೆ ಪೋರ್ಟ್‌ಫೋಲಿಯೋದಲ್ಲಿ, ಇರಬೇಕಾದದ್ದು ಇಂಥ ಪ್ರಶ್ನೆಗಳು ಮತ್ತು ಅವುಗಳಿಗೆ ನೀವು ಕಂಡುಕೊಂಡ ಉತ್ತರಗಳು. "ಇಂದು ಆರು ರೋಗಿಗಳನ್ನು ನೋಡಿದೆ, ಬಹಳ ಕಲಿತೆ" ಎಂಬಂಥ ದಿನಚರಿಗೆ ಅಂಕ ಸಿಗುವುದಿಲ್ಲ. ಪ್ರತಿ ಬರಹವನ್ನೂ ರಾಯಲ್ ಫಾರ್ಮಸ್ಯೂಟಿಕಲ್ ಸೊಸೈಟಿ ಪ್ರಕಟಿಸಿದ ಸಾಮರ್ಥ್ಯ ಚೌಕಟ್ಟಿನ ಹತ್ತು ಅಂಶಗಳಿಗೆ ಜೋಡಿಸಬೇಕು. ಮೊದಲ ಆರು ಸಮಾಲೋಚನೆಗೆ ಸಂಬಂಧಿಸಿದವು: ರೋಗಿಯನ್ನು ಪರಿಶೀಲಿಸುವುದರಿಂದ ಹಿಡಿದು ಅನುಸರಣೆಯವರೆಗೆ. ಉಳಿದ ನಾಲ್ಕು ಸುರಕ್ಷತೆ, ವೃತ್ತಿಧರ್ಮ, ಸುಧಾರಣೆ ಮತ್ತು ತಂಡದ ಕೆಲಸಕ್ಕೆ ಸೇರಿದವು. ಕೊನೆಯ ತಿಂಗಳಲ್ಲಿ ಕೂತು ಜೋಡಿಸುತ್ತೇನೆ ಎಂದುಕೊಂಡವರಿಗೆ ಈ ನಾಲ್ಕಕ್ಕೆ ಸಾಕ್ಷ್ಯವೇ ಸಿಗುವುದಿಲ್ಲ. ವಾರಕ್ಕೊಮ್ಮೆ ಬರೆಯಿರಿ, ರೋಗಿಯ ಹೆಸರು, ಜನ್ಮದಿನಾಂಕ ಮತ್ತಿತರ ಗುರುತುಗಳನ್ನು ತೆಗೆದು ಬರೆಯಿರಿ. ಹೆಸರೊಂದು ಉಳಿದುಹೋದರೂ ಅದು ಗೌಪ್ಯತೆಯ ಉಲ್ಲಂಘನೆಯೇ.

ಔಷಧಿ ಬರೆಯದೆ ಕಳಿಸಿದ, ಇಲ್ಲವೇ ಇದ್ದ ಔಷಧಿಯನ್ನು ನಿಲ್ಲಿಸಿದ ಪ್ರಸಂಗಗಳನ್ನೂ ಸೇರಿಸಿ. ಪರೀಕ್ಷಕರಿಗೆ ಅವು ಹೆಚ್ಚು ಹೇಳುತ್ತವೆ ಎಂಬುದು ನನ್ನ ಅಭಿಪ್ರಾಯ.

ಹಂತ 6: ಮೌಲ್ಯಮಾಪನ

ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಪೋರ್ಟ್‌ಫೋಲಿಯೋ, ಲಿಖಿತ ಕೆಲಸ ಮತ್ತು ಆಸ್ಕಿ ಇರುತ್ತವೆ. ಆಸ್ಕಿ ಎಂದರೆ ನಟರು ಅಥವಾ ಸ್ವಯಂಸೇವಕರು ರೋಗಿಗಳಾಗಿ ಕೂರುವ, ನಿಗದಿತ ನಿಮಿಷಗಳೊಳಗೆ ಮುಗಿಸಬೇಕಾದ ಪ್ರಾಯೋಗಿಕ ಪರೀಕ್ಷೆ. ರೋಗಿಯ ಸುರಕ್ಷತೆಗೆ ಧಕ್ಕೆಯಾಗುವ ಒಂದು ತಪ್ಪು ಮಾಡಿದರೆ ಉಳಿದೆಲ್ಲ ಅಂಕಗಳಿದ್ದರೂ ಅನುತ್ತೀರ್ಣರಾಗಬಹುದು. ಅಲರ್ಜಿ ಕೇಳದೆ ಪೆನಿಸಿಲಿನ್ ಬರೆಯುವುದು, ಎದೆನೋವಿನ ಸೂಚನೆ ಸಿಕ್ಕಿಯೂ ಮುಂದಕ್ಕೆ ಕಳಿಸದಿರುವುದು, ಇಂಥವು. ಗೊತ್ತಿಲ್ಲದಾಗ "ಇದು ನನ್ನ ವ್ಯಾಪ್ತಿಯಲ್ಲಿಲ್ಲ, ನಿಮ್ಮನ್ನು ಇಂದೇ ವೈದ್ಯರ ಬಳಿ ಕಳಿಸುತ್ತೇನೆ" ಎನ್ನುವುದಕ್ಕೆ ಅಂಕವಿದೆ. ಪ್ರಶ್ನೆಗೆ ಉತ್ತರವಿಲ್ಲ ಎಂದು ಒಪ್ಪಿಕೊಳ್ಳುವುದನ್ನೇ ಸೋಲೆಂದು ಕಲಿಸಿದ ನಮ್ಮ ಪರೀಕ್ಷಾ ಪದ್ಧತಿಯಿಂದ ಬಂದವರು ಈ ಒಂದು ವಾಕ್ಯವನ್ನು ಕನ್ನಡಿಯ ಮುಂದೆ ನಿಂತು ಹೇಳಿ ರೂಢಿಸಿಕೊಳ್ಳುವುದು ಒಳ್ಳೆಯದು.

ಹಂತ 7: ನೋಂದಣಿ ದಾಖಲೆಯಲ್ಲಿ ಗುರುತು

ಕೋರ್ಸ್ ಪಾಸಾದ ಕ್ಷಣದಿಂದ ಚೀಟಿ ಬರೆಯಬಹುದೆಂದು ತಿಳಿಯಬೇಡಿ. ಪ್ರಮಾಣಪತ್ರ ಸಿಕ್ಕ ಮೇಲೆ ತಡಮಾಡದೆ ಜಿಪಿಎಚ್‌ಸಿಗೆ ಅರ್ಜಿ ಹಾಕಿ, ನೋಂದಣಿಯಲ್ಲಿ ನಿಮ್ಮ ಹೆಸರಿನ ಮುಂದೆ ಸ್ವತಂತ್ರ ಪ್ರಿಸ್ಕ್ರೈಬರ್ ಎಂಬ ಗುರುತು, ಅಂದರೆ ಅನೋಟೇಶನ್, ಬಂದಿರುವುದನ್ನು ಕಣ್ಣಾರೆ ನೋಡಿಕೊಳ್ಳಿ. ಅಲ್ಲಿಯವರೆಗೆ ಒಂದು ಚೀಟಿಯನ್ನೂ ಬರೆಯುವಂತಿಲ್ಲ. ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ ಚೀಟಿ, ಎಂದರೆ ಎಫ್‌ಪಿ10, ಬರೆಯಲು ನಿಮ್ಮ ಉದ್ಯೋಗ ಸಂಸ್ಥೆಯು ನಿಮ್ಮ ವಿವರಗಳನ್ನು ಎನ್‌ಎಚ್‌ಎಸ್ ಬಿಸಿನೆಸ್ ಸರ್ವಿಸಸ್ ಅಥಾರಿಟಿಗೆ ತಿಳಿಸಬೇಕು. ವೃತ್ತಿ ವಿಮೆಯವರಿಗೂ ನೀವು ಪ್ರಿಸ್ಕ್ರೈಬರ್ ಆಗಿರುವುದನ್ನು ತಿಳಿಸಿ, ನಿಮ್ಮ ಕ್ಷೇತ್ರ ವಿಮೆಯ ವ್ಯಾಪ್ತಿಯೊಳಗಿದೆ ಎಂಬ ಉತ್ತರವನ್ನು ಪಡೆದಿಟ್ಟುಕೊಳ್ಳಿ. ಹಳೆಯ ವಿಮೆ ಔಷಧಿ ವಿತರಣೆಯನ್ನಷ್ಟೇ ಒಳಗೊಂಡಿದ್ದೀತು.

ಹಂತ 8: ಮೊದಲ ತಿಂಗಳುಗಳು

ಕೆಲಸಕ್ಕೆ ಕೂರುವ ಮೊದಲು ನಿಮ್ಮ ಕಾರ್ಯವ್ಯಾಪ್ತಿಯನ್ನು ಒಂದು ಪುಟದಲ್ಲಿ ಬರೆದು ಸರ್ಜರಿಯ ಮುಖ್ಯಸ್ಥರ ಸಹಿ ಪಡೆಯಿರಿ, ಸ್ವಾಗತಕಾರರಿಗೂ ಅದರ ಪ್ರತಿ ಕೊಡಿ. ರಕ್ತದೊತ್ತಡಕ್ಕೆ ಮಾತ್ರ ಕಲಿತವರ ಪಟ್ಟಿಗೆ ಮಗುವಿನ ಕಿವಿನೋವನ್ನು ಸೇರಿಸುವವರು ಅವರೇ. ವ್ಯಾಪ್ತಿಯನ್ನು ಹೆಚ್ಚಿಸಿಕೊಳ್ಳುವಾಗ ಮತ್ತೊಂದು ಐಪಿ ಕೋರ್ಸ್ ಬೇಕಿಲ್ಲ, ಆದರೆ ಏನು ಓದಿದಿರಿ, ಯಾರ ಬಳಿ ಎಷ್ಟು ರೋಗಿಗಳನ್ನು ನೋಡಿದಿರಿ, ಯಾರು ಪರಿಶೀಲಿಸಿದರು ಎಂಬ ದಾಖಲೆ ಬೇಕು. ಪ್ರತಿ ವರ್ಷ ಜಿಪಿಎಚ್‌ಸಿಗೆ ಸಲ್ಲಿಸುವ ಮರುಮೌಲ್ಯಾಂಕನದ ಆರು ದಾಖಲೆಗಳಲ್ಲಿ ಈ ಕೆಲಸ ಪ್ರತಿಫಲಿಸಲಿ.

ನೀವು ಬರೆದ ಚೀಟಿಯ ಔಷಧಿಯನ್ನು ನೀವೇ ವಿತರಿಸುವುದನ್ನು ತಪ್ಪಿಸಿ. ಎರಡನೆಯ ಕಣ್ಣಿಗಾಗಿಯೇ ಆ ಎರಡು ಕೆಲಸಗಳನ್ನು ಬೇರೆಯಾಗಿ ಇರಿಸಲಾಗಿದೆ. ಆನ್‌ಲೈನ್ ಕಂಪನಿಗಳಿಂದ ಒಳ್ಳೆಯ ಸಂಬಳದ ಕರೆಗಳು ಬರುತ್ತವೆ. 2025ರ ಫೆಬ್ರವರಿಯಲ್ಲಿ ಜಿಪಿಎಚ್‌ಸಿ ದೂರದಿಂದ ಔಷಧಿ ಒದಗಿಸುವ ಫಾರ್ಮಸಿಗಳಿಗೆ ಮಾರ್ಗಸೂಚಿಯನ್ನು ಬಿಗಿಗೊಳಿಸಿದೆ; ತೂಕ ಇಳಿಸುವ ಔಷಧಿಗಳಂಥವನ್ನು ರೋಗಿ ತುಂಬಿದ ಪ್ರಶ್ನಾವಳಿಯನ್ನಷ್ಟೇ ನಂಬಿ ಬರೆಯುವಂತಿಲ್ಲ, ತೂಕ ಮತ್ತು ಎತ್ತರವನ್ನು ಬೇರೆ ರೀತಿಯಲ್ಲಿ ಪರಿಶೀಲಿಸಬೇಕು.

ಇನ್ನು ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಪ್ರಿಸ್ಕ್ರೈಬರ್ ಆದ ಸುದ್ದಿ ತಿಳಿದ ಕೂಡಲೇ ಕನ್ನಡ ಕೂಟದ ಪರಿಚಯದವರಿಂದ, ಮನೆಯವರಿಂದ, ಊರಿನಿಂದ ಬಂದಿರುವ ಅತ್ತೆ ಮಾವಂದಿರಿಂದ "ಒಂದು ಆಂಟಿಬಯೋಟಿಕ್ ಬರೆದುಕೊಡಪ್ಪಾ" ಎಂಬ ಕೋರಿಕೆ ಬರುತ್ತದೆ. ತನಗಾಗಿ ಮತ್ತು ಹತ್ತಿರದವರಿಗಾಗಿ ಚೀಟಿ ಬರೆಯುವುದನ್ನು, ತೀರಾ ಅಪರೂಪದ ಸಂದರ್ಭವನ್ನು ಬಿಟ್ಟರೆ, ವೃತ್ತಿ ಮಾರ್ಗಸೂಚಿ ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿದ್ದರೆ ಎನ್‌ಎಚ್‌ಎಸ್ 111 ಸಹಾಯವಾಣಿಗೆ ಕರೆ ಮಾಡಿಕೊಡಿ, ಬೇಕಾದರೆ ಜೊತೆಗೆ ಹೋಗಿ ಭಾಷಾಂತರ ಮಾಡಿಕೊಡಿ. ಚೀಟಿ ಮಾತ್ರ ಬೇರೊಬ್ಬರೇ ಬರೆಯಲಿ.